ಪ್ರಾಸ್ಟೇಟ್ ಕ್ಯಾನ್ಸರ್‌ಗೆ ‘ಕರೆಂಟ್’: 37 ದಿನವೋ, 20 ದಿನವೋ, ಐದೇ ದಿನವೋ?

ಗಾಳಿಬೀಡು: ಮೂತ್ರದ ತೊಂದರೆ ಅಂತ ಆಸ್ಪತ್ರೆಗೆ ಹೋಗಿ, ಪಿಎಸ್‌ಎ ಟೆಸ್ಟ್, ಬಯಾಪ್ಸಿ ಎಲ್ಲ ಆಗಿ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಮನೆಯವರು ಮೊದಲು ಕೇಳುವುದು ‘ಎಷ್ಟಾಗುತ್ತೆ?’ ಎಂದು. ಗಾಳಿಬೀಡಿನಂಥ ಊರಿನವರು ಅದರ ಜೊತೆಗೇ ಕೇಳಬೇಕಾದದ್ದು ‘ಎಷ್ಟು ಸಲ ಬರಬೇಕು?’ ಎಂದು. ರೇಡಿಯೇಷನ್‌ಗೆ, ಅಂದರೆ ಜನ ಹೇಳುವ ಹಾಗೆ ‘ಕರೆಂಟ್ ಕೊಡಿಸೋಕೆ’, ಇಲ್ಲಿನವರು ಹೋಗುವುದು ಮೈಸೂರು, ಮಂಗಳೂರು ಇಲ್ಲವೇ ಬೆಂಗಳೂರಿನ ಕಿದ್ವಾಯಿಗೆ.

ಹಳೆಯ ಪದ್ಧತಿಯಲ್ಲಿ ವಾರಕ್ಕೆ ಐದು ದಿನದಂತೆ 37ರಿಂದ 39 ಸಲ ಕರೆಂಟ್ ಕೊಡುತ್ತಾರೆ. ಹೆಚ್ಚುಕಡಿಮೆ ಎಂಟು ವಾರ. ಮೆಷಿನ್ ಕೆಳಗೆ ಮಲಗುವುದು ಕೆಲವೇ ನಿಮಿಷ, ಉಳಿದದ್ದೆಲ್ಲ ಓಡಾಟ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ದಿನಾ ಹೋಗಿ ಬಂದರೆ 37 ದಿನಕ್ಕೆ 8,880 ಕಿ.ಮೀ., 20 ದಿನವಾದರೆ 4,800, ಐದೇ ದಿನವಾದರೆ 1,200. ಗಾಳಿಬೀಡಿನಿಂದ ಮಡಿಕೇರಿಗೆ ಇಳಿಯುವ ದಾರಿ ಬೇರೆ. ಕೊಡಗಿಗೆ ರೈಲೂ ಇಲ್ಲ. ಹೆಂಡತಿಗೆ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಫ್ರೀ, ಆದರೆ ಈ ಕಾಯಿಲೆ ಗಂಡಸರದ್ದು, ಟಿಕೆಟ್ ತಗೋಬೇಕು. ಕೊನೆಗೆ ಅಲ್ಲೇ ರೂಮ್ ಮಾಡಬೇಕಾಗುತ್ತದೆ. ಅಂಗಡಿಯವರಾದರೆ ಎರಡು ತಿಂಗಳು ಶಟರ್ ಕೆಳಗೆ, ಬಾಡಿಗೆ ಮಾತ್ರ ನಿಲ್ಲಲ್ಲ.

ಹಾಗಾದರೆ ದಿನ ಕಡಿಮೆ ಮಾಡಿದರೆ ಗುಣ ಕಡಿಮೆಯಾಗುತ್ತಾ? ಬ್ರಿಟನ್‌ನಲ್ಲಿ 3,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ‘ಚಿಪ್’ ಅಧ್ಯಯನದ ಫಲಿತಾಂಶ 2016ರಲ್ಲಿ ಬಂತು. 37 ಸಲ ಕೊಡುವುದಕ್ಕೂ, ಪ್ರತಿಸಲ ಸ್ವಲ್ಪ ಹೆಚ್ಚು ಡೋಸ್‌ನಲ್ಲಿ 20 ಸಲ ಕೊಡುವುದಕ್ಕೂ ಕಾಯಿಲೆ ಹತೋಟಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಒಟ್ಟು ಡೋಸ್ 74 ಗ್ರೇಯಿಂದ 60ಕ್ಕೆ ಇಳಿದಿತ್ತು.

ಇನ್ನೂ ಮುಂದೆ ಹೋಗಿದ್ದು ‘ಪೇಸ್-ಬಿ’. 874 ಮಂದಿಯ ಈ ಅಧ್ಯಯನದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಐದೇ ಸಲ ಕೊಟ್ಟವರಲ್ಲಿ ಐದು ವರ್ಷದ ನಂತರ ಶೇ 95.8, ಮಾಮೂಲಿ ವಿಧಾನದಲ್ಲಿ ಶೇ 94.6 ಮಂದಿಗೆ ಕಾಯಿಲೆ ಮರುಕಳಿಸಿರಲಿಲ್ಲ. ಆದರೆ ಐದರ ವಿಧಾನ ಪುಕ್ಕಟೆ ಲಾಭ ಅಲ್ಲ. ಉರಿಮೂತ್ರ, ಪದೇ ಪದೇ ಹೋಗುವಂಥ ತೊಂದರೆ ಐದು ವರ್ಷದಲ್ಲಿ ಒಮ್ಮೆಯಾದರೂ ಕಾಡಿದ್ದು ಇವರಲ್ಲಿ ಶೇ 26.9, ಉಳಿದವರಲ್ಲಿ ಶೇ 18.3. ಕಾಯಿಲೆ ಅಷ್ಟು ಜೋರಿಲ್ಲದವರನ್ನೇ ಅಲ್ಲಿ ಆರಿಸಿದ್ದರು. ಗುರಿ ತಪ್ಪದ ಒಳ್ಳೆ ಮೆಷಿನ್ ಕೂಡ ಬೇಕು, ಹಾಗಾಗಿ ಒಂದೊಂದು ಸಲದ ರೇಟು ಜಾಸ್ತಿ. ಬಿಲ್ ಮಾತ್ರ ನೋಡಿದರೆ ದುಬಾರಿ ಅನ್ನಿಸಿದ್ದು ರೂಮ್, ಊಟ, ಕೂಲಿ ಸೇರಿಸಿ ಲೆಕ್ಕ ಹಾಕಿದರೆ ಅಗ್ಗವಾಗಲೂಬಹುದು.

ಪ್ರೋಟಾನ್ ಚಿಕಿತ್ಸೆ ಅಂತ ಯಾರಾದರೂ ಚೆನ್ನೈ ದಾರಿ ತೋರಿಸಿದರೆ ಸ್ವಲ್ಪ ಯೋಚಿಸಿ. ಅದು ಎಷ್ಟೋ ಪಟ್ಟು ದುಬಾರಿ. ಅಮೆರಿಕದ 450 ಮಂದಿಯ ಅಧ್ಯಯನದಲ್ಲಿ ಮಾಮೂಲಿ ಐಎಂಆರ್‌ಟಿಗಿಂತ ಪ್ರೋಟಾನ್‌ನಿಂದ ಹೆಚ್ಚಿನ ಲಾಭ ಕಾಣಲಿಲ್ಲ ಎಂದು 2024ರಲ್ಲಿ ಹೇಳಿದ್ದಾರೆ. ಇದಕ್ಕಾಗಿ ತೋಟ ಅಡ ಇಡುವುದು ಬೇಕಿಲ್ಲ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ, ಮಿತಿ 1.5 ಲಕ್ಷ ರೂ. ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ತೆಗೆದುಕೊಳ್ಳಬೇಕು. ಲಾಡ್ಜ್ ಬಾಡಿಗೆ, ಬಸ್ ಚಾರ್ಜ್ ಇದರಲ್ಲಿ ಬರಲ್ಲ.

ಮಳೆಗಾಲದ ವಿಚಾರವೂ ಇದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ-ಸಂಪಾಜೆ ರಸ್ತೆ ಬಂದ್ ಆಗಿದ್ದು ಯಾರೂ ಮರೆತಿಲ್ಲ. ಶುರು ಮಾಡಿದ ಕರೆಂಟ್ ಮಧ್ಯದಲ್ಲಿ ನಿಲ್ಲಬಾರದು. ಜೂನ್-ಆಗಸ್ಟ್‌ನಲ್ಲಿ ಮಂಗಳೂರು ಆರಿಸಿಕೊಳ್ಳುವವರು ಅಲ್ಲೇ ಉಳಿಯುವ ಲೆಕ್ಕದಲ್ಲೇ ಹೋಗುವುದು ಒಳ್ಳೆಯದು.

ಎಲ್ಲರಿಗೂ ತಕ್ಷಣ ಚಿಕಿತ್ಸೆ ಬೇಕೆಂದೂ ಇಲ್ಲ. ಬ್ರಿಟನ್‌ನ ‘ಪ್ರೊಟೆಕ್ಟ್’ ಅಧ್ಯಯನದಲ್ಲಿ ಆಪರೇಷನ್, ರೇಡಿಯೇಷನ್, ಬರೀ ನಿಗಾ ಎಂಬ ಮೂರು ಗುಂಪಿನಲ್ಲೂ 15 ವರ್ಷದಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು ಶೇ 3ರ ಆಸುಪಾಸು. ಗ್ರಂಥಿಯಿಂದ ಆಚೆ ಹರಡದ ಕಾಯಿಲೆಯ ಲೆಕ್ಕ ಅದು. ರಿಸ್ಕ್ ಕಡಿಮೆ ಅಂತ ರಿಪೋರ್ಟ್ ಬಂದಿದ್ದರೆ, ಕಾಫಿ ಕೊಯ್ಲು ಮುಗಿಸಿ ಬರಬಹುದಾ ಎಂದು ಡಾಕ್ಟರನ್ನು ಕೇಳಲು ಸಂಕೋಚ ಬೇಡ. ಮೂಳೆಗೆ ಹರಡಿದ್ದರೆ ಅದರ ಚಿಕಿತ್ಸೆಯೇ ಬೇರೆ, ಅಲ್ಲಿ ಕಾಯುವ ಮಾತಿಲ್ಲ.