ಕೆಂಗಣ್ಣು ಬೆಳ್ಳಗಾದ ಬಗೆ

ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ಗೋಧಿ ರವೆ, ಗಟ್ಟಿಯಾಗಲು ಒಂದಿಷ್ಟು ಅಗರ್. ತಳ ಹಿಡಿಯದಂತೆ ತಿರುವುತ್ತ ಕುದಿಸಬೇಕು. ಬೂಸ್ಟು ಹಿಡಿಯದಿರಲೆಂದು ಕೊನೆಯಲ್ಲಿ ಸ್ವಲ್ಪ ಪ್ರೊಪಿಯೋನಿಕ್ ಆಮ್ಲ ಬೆರೆಸಿ, ಬಿಸಿಯಿರುವಾಗಲೇ ಗಾಜಿನ ಬಾಟಲಿಗಳಿಗೆ ಸುರಿದು, ಆರಿದ ಮೇಲೆ ಒಂದು ಹನಿ ಯೀಸ್ಟ್ ಬಿಟ್ಟು, ಬಾಯಿಗೆ ಹತ್ತಿಯ ಬಿರಡೆ ಹಾಕಿದರೆ ಅಡುಗೆ ಮುಗಿಯಿತು. ಮೈಸೂರಿನ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ವರ್ಷಗಳಿಂದ ನಡೆದುಬಂದ ಅಡುಗೆ ಇದು. ಉಣ್ಣುವವರು ಡ್ರಾಸೊಫಿಲಾ ಎಂಬ ನೊಣಗಳು. ಮೈಯುದ್ದ ಎರಡೂವರೆ, ಹೆಚ್ಚೆಂದರೆ ಮೂರು ಮಿಲಿಮೀಟರ್. ನಾನಾ ಜಾತಿಯ, ನಾನಾ ಊನಗಳ ಡ್ರಾಸೊಫಿಲಾಗಳನ್ನು ತಲೆಮಾರುಗಳಿಂದ ಸಾಕಿ, ಬೇಕೆಂದವರಿಗೆ ಹಂಚುವ ಕೇಂದ್ರವೇ ಅಲ್ಲಿದೆ. ಕಾಡಿನ ಹೊಸ ನೊಣ ಬೇಕೆನಿಸಿದಾಗ ಸಂಶೋಧಕರು ಚಾಮುಂಡಿ ಬೆಟ್ಟದ ಪೊದೆಗಳಿಗೆ ಹಿಸುಕಿದ ಬಾಳೆಹಣ್ಣಿನ ಬಾಟಲಿಗಳನ್ನು ಕಟ್ಟಿ ಬರುತ್ತಾರೆ.

ಮಾವಿನ ತೋಟದವರು ಬೈಯುವ ಹಣ್ಣಿನ ನೊಣ ಇದಲ್ಲ, ಅದು ಬೇರೆಯೇ ಕುಟುಂಬದ್ದು. ಅದು ಮರದಲ್ಲಿರುವ ಗಟ್ಟಿ ಕಾಯಿಗೇ ಚುಚ್ಚಿ ಮೊಟ್ಟೆಯಿಡುತ್ತದೆ. ಡ್ರಾಸೊಫಿಲಾ ಬರುವುದು ಹಣ್ಣು ಹುಳಿಯತೊಡಗಿದ ಮೇಲೆ. ಅದಕ್ಕೆ ಬೇಕಾದದ್ದು ಹಣ್ಣಿಗಿಂತ ಹೆಚ್ಚಾಗಿ ಅದರ ಮೇಲೆ ಬೆಳೆಯುವ ಯೀಸ್ಟು. ಉಷ್ಣತೆ 25 ಡಿಗ್ರಿ ಇದ್ದರೆ ಮೊಟ್ಟೆಯಿಂದ ರೆಕ್ಕೆ ಬಲಿತ ನೊಣವಾಗಲು ಸುಮಾರು ಹತ್ತು ದಿನ ಸಾಕು. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಕ್ರೋಮೋಸೋಮ್‌ಗಳು ನಾಲ್ಕೇ ಜೊತೆ. ಆನುವಂಶಿಕತೆಯ ಲೆಕ್ಕ ಹಾಕುವವರಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಚುರುಕಿನ ಪ್ರಾಣಿ ಸಿಗುವುದು ಕಷ್ಟ.

ಈ ನೊಣದ ಕಣ್ಣು ಸಹಜವಾಗಿ ಕಡುಗೆಂಪು. 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಹಾಲಿನ ಬಾಟಲಿಗಳಲ್ಲಿ ಸಾಕಿದ್ದ ನೊಣಗಳ ನಡುವೆ ಬೆಳ್ಳನೆಯ ಕಣ್ಣಿನ ಒಂದು ಗಂಡು ಕಾಣಿಸಿತು. ಮಾರ್ಗನ್ ಆಗ ಅನುಮಾನದ ಮನುಷ್ಯ. ಮೆಂಡೆಲನ ಬಟಾಣಿ ಲೆಕ್ಕ ಅವನಿಗೆ ಅಷ್ಟಾಗಿ ರುಚಿಸಿರಲಿಲ್ಲ. ಆನುವಂಶಿಕ ಗುಣಗಳನ್ನು ಕ್ರೋಮೋಸೋಮ್‌ಗಳು ಹೊತ್ತು ತರುತ್ತವೆ ಎಂಬ ಮಾತಿನಲ್ಲಿ ನಂಬಿಕೆಯೂ ಇರಲಿಲ್ಲ. ಆದರೂ ಆ ಗಂಡನ್ನು ಕೆಂಗಣ್ಣಿನ ಹೆಣ್ಣುಗಳ ಜೊತೆ ಬಿಟ್ಟ. ಹುಟ್ಟಿದವುಗಳಲ್ಲಿ 1,237 ಕೆಂಗಣ್ಣಿನವು. ಆ ಅಣ್ಣ ತಂಗಿಯರನ್ನೇ ಮತ್ತೆ ಕೂಡಿಸಿದಾಗ ಮೊಮ್ಮಕ್ಕಳ ಲೆಕ್ಕ ಹೀಗೆ ಬಂತು: ಕೆಂಗಣ್ಣಿನ ಹೆಣ್ಣು 2,459, ಕೆಂಗಣ್ಣಿನ ಗಂಡು 1,011, ಬಿಳಿಗಣ್ಣಿನ ಗಂಡು 782.

ಬಿಳಿಗಣ್ಣಿನ ಹೆಣ್ಣು ಒಂದೂ ಇಲ್ಲ.

ಗಂಡುಗಳಲ್ಲಿ ಅರ್ಧಕ್ಕರ್ಧ ಬಿಳಿಗಣ್ಣು ಬರಬೇಕಿತ್ತು, ಕಡಿಮೆ ಬಂದಿದೆ. ಬಿಳಿಗಣ್ಣಿನ ಮರಿಗಳು ಸ್ವಲ್ಪ ದುರ್ಬಲ, ಕೆಲವು ನಡುವೆಯೇ ಸಾಯುತ್ತವೆ. ಅದನ್ನು ಬದಿಗಿಟ್ಟರೆ ಉಳಿಯುವ ಪ್ರಶ್ನೆ ಒಂದೇ: ಈ ಗುಣ ಗಂಡಿಗೇ ಏಕೆ ಅಂಟಿಕೊಂಡಿತು? ಹೆಣ್ಣು ನೊಣಕ್ಕೆ ಎರಡು ಎಕ್ಸ್ ಕ್ರೋಮೋಸೋಮ್, ಗಂಡಿಗೆ ಒಂದು ಎಕ್ಸ್, ಒಂದು ವೈ. ಕಣ್ಣಿನ ಈ ಜೀನ್ ಎಕ್ಸ್ ಮೇಲಿದ್ದು, ವೈ ಮೇಲೆ ಇಲ್ಲ ಎಂದುಕೊಂಡರೆ ಲೆಕ್ಕ ತಾನಾಗಿ ಸರಿಹೋಗುತ್ತದೆ. ಬಿಳಿಗಣ್ಣಿನ ಗಂಡು ತನ್ನ ಎಕ್ಸನ್ನು ಹೆಣ್ಣುಮಕ್ಕಳಿಗಷ್ಟೇ ಕೊಡಬಲ್ಲದು. ಅವುಗಳಲ್ಲಿ ತಾಯಿಯಿಂದ ಬಂದ ಸರಿಯಾದ ಜೀನೂ ಇರುವುದರಿಂದ ಕಣ್ಣು ಕೆಂಪಾಗಿಯೇ ಇರುತ್ತದೆ. ಆ ಹೆಣ್ಣುಮಕ್ಕಳ ಗಂಡುಮಕ್ಕಳಲ್ಲಿ ಅರ್ಧದಷ್ಟಕ್ಕೆ ಕೆಟ್ಟ ಜೀನ್ ಇರುವ ಎಕ್ಸ್ ಸಿಗುತ್ತದೆ, ಅದನ್ನು ಮುಚ್ಚಿಕೊಳ್ಳಲು ಇನ್ನೊಂದು ಎಕ್ಸ್ ಇರುವುದಿಲ್ಲ. ಅಂದರೆ ತಾತನ ಬಿಳಿಗಣ್ಣು ಮಗನಿಗೆ ದಾಟದೆ, ಮಗಳಲ್ಲಿ ಅಡಗಿ ಕೂತು, ಮಗಳ ಮಗನಲ್ಲಿ ಹೊರಬೀಳುತ್ತದೆ. ಮನುಷ್ಯರಲ್ಲಿ ಹಿಮೋಫಿಲಿಯಾ, ಕೆಂಪು ಹಸಿರು ಬಣ್ಣಗುರುಡು ಇಳಿದು ಬರುವುದೂ ಇದೇ ದಾರಿಯಲ್ಲಿ. ಒಂದು ನಿರ್ದಿಷ್ಟ ಗುಣವನ್ನು ಒಂದು ನಿರ್ದಿಷ್ಟ ಕ್ರೋಮೋಸೋಮಿಗೆ ಕಟ್ಟಿಹಾಕಿದ ಆ ಲೆಕ್ಕದ ಮುಂದೆ ಮಾರ್ಗನ್ ತನ್ನ ಅನುಮಾನ ಬಿಟ್ಟುಕೊಟ್ಟ. 1933ರಲ್ಲಿ ನೊಬೆಲ್ ಬಂತು.

ಅವನ ಶಿಷ್ಯ ಆಲ್ಫ್ರೆಡ್ ಸ್ಟರ್ಟೆವಂಟ್ ಇನ್ನೂ ಪದವಿ ವಿದ್ಯಾರ್ಥಿಯಾಗಿದ್ದಾಗಲೇ ಎಕ್ಸ್ ಕ್ರೋಮೋಸೋಮಿನ ಜೀನ್‌ಗಳನ್ನು ಸಾಲಾಗಿ ಜೋಡಿಸಿದ ಮೊದಲ ನಕ್ಷೆ ಬರೆದ. ಅದು ಅಚ್ಚಾದದ್ದು 1913ರಲ್ಲಿ. ಎರಡು ಜೀನ್‌ಗಳು ಎಷ್ಟು ಹತ್ತಿರವಿದ್ದರೆ ಅಷ್ಟು ಹೆಚ್ಚು ಸಲ ಒಟ್ಟಿಗೇ ಮರಿಗಳಿಗೆ ಹೋಗುತ್ತವೆ ಎಂಬುದೇ ಅದರ ಸೂತ್ರ. ನೊಣದ ಕಣ್ಣಿನ ಬಣ್ಣಗಳ ಮೇಲೆ ಕೆಲಸ ಮಾಡಿದ ಈ ಹುಡುಗನಿಗೆ ಬಣ್ಣಗುರುಡು ಇತ್ತು!

ಲಿಂಗ ಕ್ರೋಮೋಸೋಮ್‌ಗಳ ವಿಷಯದಲ್ಲಿ ಮೈಸೂರಿನದೂ ಒಂದು ಪಾಲಿದೆ. ಇದೇ ಕುಲದ ಇನ್ನೊಂದು ಜಾತಿಯಾದ ಡ್ರಾಸೊಫಿಲಾ ನಸೂಟಾಕ್ಕೆ ಎಂಟು ಕ್ರೋಮೋಸೋಮ್. ಅದರ ಹತ್ತಿರದ ನೆಂಟ ಅಲ್ಬೊಮಿಕಾನ್ಸ್‌ಗೆ ಆರೇ. ಎರಡನೆಯದರಲ್ಲಿ ಮೂರನೆಯ ಕ್ರೋಮೋಸೋಮ್ ಹೋಗಿ ಎಕ್ಸ್‌ಗೂ ವೈಗೂ ಅಂಟಿಕೊಂಡುಬಿಟ್ಟಿದೆ, ಹಾಗಾಗಿ ಅದರ ಮೇಲಿನ ಜೀನ್‌ಗಳೆಲ್ಲ ಲಿಂಗದ ಜೊತೆ ಪಯಣಿಸುತ್ತವೆ. ಮೈಸೂರಿನ ಸಂಶೋಧಕರಾದ ಎಚ್.ಎ. ರಂಗನಾಥ್ ಮತ್ತು ಎನ್.ಬಿ. ರಾಮಚಂದ್ರ ಇವೆರಡನ್ನೂ ಪ್ರಯೋಗಾಲಯದಲ್ಲಿ ಕೂಡಿಸಿ, ಮಿಶ್ರ ಸಂತತಿಯನ್ನು ತಲೆಮಾರು ತಲೆಮಾರು ಬೆಳೆಸಿದಾಗ, ಎರಡೂ ಕಡೆಯ ಕ್ರೋಮೋಸೋಮ್‌ಗಳನ್ನು ಹೊಸದಾಗಿ ಹೊಂದಿಸಿಕೊಂಡ ವಂಶಗಳು ನೆಲೆನಿಂತವು. ಸೈಟೋರೇಸ್ ಎಂದು ಅವುಗಳಿಗೆ ಹೆಸರು.

ಬಿಳಿಗಣ್ಣಿನ ಕತೆ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ನಕ್ಷೆಗೆ ಬಂದು ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಿದರೆ ವಿದ್ಯಾರ್ಥಿಯ ತಲೆಯಲ್ಲಿ ಒಂದು ತಪ್ಪು ಚಿತ್ರ ಉಳಿಯುತ್ತದೆ. ಜೀನ್ ಸರಿಯಿದ್ದರೆ ಕಣ್ಣು ಕೆಂಪು, ಕೆಟ್ಟರೆ ಬಿಳಿ. ಹಾಗಾದರೆ ಅದು ಕೆಂಪು ಬಣ್ಣ ತಯಾರಿಸುವ ಜೀನ್ ಇರಬೇಕು, ಅಲ್ಲವೇ? ಅಲ್ಲ. ವೈಟ್ ಎಂದು ಕರೆಯಲಾಗುವ ಈ ಜೀನ್ ಯಾವ ಬಣ್ಣವನ್ನೂ ತಯಾರಿಸುವುದಿಲ್ಲ.

ನೊಣದ ಒಂದೊಂದು ಕಣ್ಣಿನಲ್ಲೂ ಏಳೆಂಟು ನೂರು ಪುಟ್ಟ ಕಣ್ಣುಗಳಿರುತ್ತವೆ. ಒಂದಕ್ಕೆ ಬಿದ್ದ ಬೆಳಕು ಪಕ್ಕದ್ದಕ್ಕೆ ಸೋರದಂತೆ ತಡೆಯುವುದು ಅವುಗಳ ನಡುವೆ ತುಂಬಿರುವ ವರ್ಣದ್ರವ್ಯ. ಬಿಳಿಗಣ್ಣಿನ ನೊಣಕ್ಕೆ ಚೆನ್ನಾಗಿ ಕಾಣದಿರುವುದು ಇದೇ ಕಾರಣಕ್ಕೆ. ವರ್ಣದ್ರವ್ಯದಲ್ಲಿ ಎರಡು ಬಗೆ: ಹೊಳಪಿನ ಕೆಂಪಿನದು ಒಂದು, ಕಂದು ಇನ್ನೊಂದು. ಎರಡೂ ಸೇರಿ ಕಡುಗೆಂಪು. ಕಂದು ಬಣ್ಣ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದಿಂದ ಆಗುತ್ತದೆ, ಕೆಂಪು ಬೇರೆಯೇ ರಾಸಾಯನಿಕ ದಾರಿಯಿಂದ. ಈ ಕಚ್ಚಾ ವಸ್ತುಗಳು ಜೀವಕೋಶದೊಳಗಿನ ವರ್ಣಕಣಗಳ ಪೊರೆ ದಾಟಿ ಒಳಗೆ ಹೋಗಬೇಕು. ದಾಟಿಸುವುದು ಪೊರೆಯಲ್ಲಿ ಕೂತ ಪ್ರೋಟೀನ್‌ಗಳ ಕೆಲಸ. ಹಳೆಯ ಮನೆಗಳ ಜೋಡಿ ಬಾಗಿಲಿನ ಹಾಗೆ ಅದಕ್ಕೆ ಎರಡು ಕದ. ಒಂದು ಕದ ಯಾವಾಗಲೂ ವೈಟ್ ಪ್ರೋಟೀನ್. ಅದು ಬ್ರೌನ್ ಎಂಬ ಪ್ರೋಟೀನಿನ ಜೊತೆಗೂಡಿದರೆ ಕೆಂಪಿನ ಕಚ್ಚಾ ವಸ್ತು ಒಳಗೆ ಹೋಗುತ್ತದೆ. ಸ್ಕಾರ್ಲೆಟ್ ಎಂಬುದರ ಜೊತೆಗೂಡಿದರೆ ಕಂದಿನದು.

ಈಗ ಒಂದೊಂದೇ ಜೀನ್ ಕೆಡಿಸಿ ನೋಡಬಹುದು. ಬ್ರೌನ್ ಕೆಟ್ಟರೆ ಕೆಂಪು ಒಳಗೆ ಬರುವುದಿಲ್ಲ, ಕಂದು ಮಾತ್ರ ಉಳಿಯುತ್ತದೆ. ಸ್ಕಾರ್ಲೆಟ್ ಕೆಟ್ಟರೆ ಕಂದು ಇಲ್ಲ, ಕಣ್ಣು ಕಣ್ಣು ಕುಕ್ಕುವಷ್ಟು ಕೆಂಪು. ವೈಟ್ ಕೆಟ್ಟರೆ ಎರಡೂ ಹಾದಿ ಬಂದ್. ಇನ್ನೊಂದು ತಮಾಷೆಯಿದೆ. ಕಂದುಗಣ್ಣಿನ ನೊಣವನ್ನೂ ಸ್ಕಾರ್ಲೆಟ್ ನೊಣವನ್ನೂ ಕೂಡಿಸಿದರೆ ಮಕ್ಕಳೆಲ್ಲ ಮಾಮೂಲಿ ಕಡುಗೆಂಪು ಕಣ್ಣಿನವು, ಏಕೆಂದರೆ ಒಂದೊಂದು ಕದ ಒಂದೊಂದು ಕಡೆಯಿಂದ ಸರಿಯಾಗಿಯೇ ಬಂದಿದೆ. ಮೊಮ್ಮಕ್ಕಳಲ್ಲಿ ಹದಿನಾರಕ್ಕೆ ಒಂಬತ್ತು ಕಡುಗೆಂಪು, ಮೂರು ಕಂದು, ಮೂರು ಹೊಳಪುಗೆಂಪು, ಒಂದು ಬಿಳಿ. ಬಿಳಿಗಣ್ಣೇ ಇಲ್ಲದ ವಂಶದಲ್ಲಿ ಬಿಳಿಗಣ್ಣು! ಅದರ ವೈಟ್ ಜೀನ್ ಮಾತ್ರ ಪೂರ್ತಿ ಸರಿಯಾಗಿದೆ. ಕೆಟ್ಟಿರುವುದು ಎರಡನೆಯ ಕ್ರೋಮೋಸೋಮಿನ ಬ್ರೌನ್ ಮತ್ತು ಮೂರನೆಯದರ ಸ್ಕಾರ್ಲೆಟ್. ಇಂಥದಕ್ಕೆ ಈ ಜೀನ್ ಎಂದು ಗೆರೆ ಎಳೆದು ಹೇಳುವ ವಾರ್ತೆಗಳನ್ನು ಓದುವಾಗ ಈ ಹದಿನಾರನೆಯ ನೊಣವನ್ನು ನೆನೆಯುವುದು ಒಳ್ಳೆಯದು. ಕಣ್ಣು ನೋಡಿ ಜೀನ್ ಹೇಳಲಾಗದು.

ವೈಟ್ ಪ್ರೋಟೀನಿನಲ್ಲಿ 687 ಅಮೈನೋ ಆಮ್ಲಗಳಿವೆ. ಒಂದೊಂದು ಅಮೈನೋ ಆಮ್ಲಕ್ಕೆ ಡಿಎನ್‌ಎಯ ಮೂರು ಅಕ್ಷರ, ಅಂದರೆ 2,061 ಅಕ್ಷರ ಸಾಕು. ಜೀನ್ ಮಾತ್ರ ಅದಕ್ಕಿಂತ ಬಹಳ ಉದ್ದ. ನಡುನಡುವೆ ಪ್ರೋಟೀನಿಗೆ ಬೇಡದ ಇಂಟ್ರಾನ್‌ಗಳೆಂಬ ತುಂಡುಗಳಿವೆ. ಡಿಎನ್‌ಎಯಿಂದ ಆರ್‌ಎನ್‌ಎ ಪ್ರತಿ ತೆಗೆದ ಮೇಲೆ ಜೀವಕೋಶ ಅವನ್ನು ಕತ್ತರಿಸಿ ಬಿಸಾಡಿ, ಉಳಿದದ್ದನ್ನು ಜೋಡಿಸಿ ರೈಬೋಸೋಮಿಗೆ ಕಳಿಸುತ್ತದೆ. ಜೀನಿನ ಮುಂಭಾಗದಲ್ಲಿ, ನಕಲು ಎಲ್ಲಿಂದ ಶುರುವಾಗಬೇಕು, ಯಾವ ಅಂಗದಲ್ಲಿ, ಯಾವಾಗ ಎಂದು ಹೇಳುವ ಭಾಗವೂ ಇದೆ.

ಮಾರ್ಗನ್‌ನ ಆ ಗಂಡು ನೊಣದ ವಂಶ ಇವತ್ತಿಗೂ ಬಾಟಲಿಗಳಲ್ಲಿ ಬದುಕಿದೆ. ಹಾಗಾಗಿ ಅದರಲ್ಲಿ ಕೆಟ್ಟದ್ದೇನು ಎಂದು ಎಷ್ಟೋ ದಶಕಗಳ ನಂತರ ಡಿಎನ್‌ಎ ತೆರೆದು ನೋಡಲು ಆಯಿತು. ಪ್ರೋಟೀನಿನ ಬರಹದಲ್ಲಿ ಅಕ್ಷರದೋಷ ಇರುತ್ತದೆಂದು ಯಾರಾದರೂ ಊಹಿಸುತ್ತಿದ್ದರು. ಸಿಕ್ಕಿದ್ದು ಬೇರೆ. ಜಾಗದಿಂದ ಜಾಗಕ್ಕೆ ಜಿಗಿಯುವ, ಡಾಕ್ ಎಂಬ ಡಿಎನ್‌ಎ ತುಂಡು ಬಂದು ಜೀನಿನ ಮುಂಭಾಗದಲ್ಲಿ, ನಕಲು ಆರಂಭವಾಗಬೇಕಾದ ಕಡೆ ಸೇರಿಕೊಂಡಿತ್ತು. ಕಿತ್ತಳೆ ಛಾಯೆಯ ಏಪ್ರಿಕಾಟ್ ಕಣ್ಣಿನ ನೊಣಗಳ ಗುಟ್ಟೂ ಇಂಥದೇ: ಅವುಗಳಲ್ಲಿ ಕೊಪಿಯಾ ಎಂಬ ಇನ್ನೊಂದು ಜಿಗಿಯುವ ತುಂಡು ಇಂಟ್ರಾನ್ ಒಳಗೆ ಹೊಕ್ಕಿದೆ. ಸರಿಯಾದ ಆರ್‌ಎನ್‌ಎ ಸ್ವಲ್ಪವಷ್ಟೇ ಆಗುತ್ತದೆ, ಬಣ್ಣವೂ ಸ್ವಲ್ಪವೇ. 1981ರಲ್ಲಿ ಬಿಂಗಮ್, ಲೆವಿಸ್, ರೂಬಿನ್ ಎಂಬ ಮೂವರು ಇದನ್ನೇ ಉಪಾಯವಾಗಿ ಬಳಸಿಕೊಂಡರು. ಕೊಪಿಯಾದ ಡಿಎನ್‌ಎ ಕೈಯಲ್ಲಿತ್ತು, ವೈಟ್‌ನದು ಇರಲಿಲ್ಲ. ಏಪ್ರಿಕಾಟ್ ನೊಣದ ಡಿಎನ್‌ಎಯಲ್ಲಿ ಕೊಪಿಯಾವನ್ನು ಹಿಡಿದೆಳೆದರೆ ಅಕ್ಕಪಕ್ಕದ ವೈಟ್ ಜೀನೂ ಜೊತೆಗೇ ಬಂತು.

ಜೀನಿನ ಒಂದು ಅಕ್ಷರವೂ ಕೆಡದೆ ಕಣ್ಣು ಬೆಳ್ಳಗಾಗಬಹುದೇ? ಆಗಬಹುದು. ಎಕ್ಸ್ ಕಿರಣ ಹಾಯಿಸಿ ಮ್ಯುಟೇಶನ್ ಉಂಟುಮಾಡಬಹುದೆಂದು ತೋರಿಸಿ ಮುಂದೆ ನೊಬೆಲ್ ಪಡೆದ ಹರ್ಮನ್ ಮುಲ್ಲರ್‌ಗೆ 1930ರ ಹೊತ್ತಿಗೆ ವಿಚಿತ್ರ ನೊಣಗಳು ಸಿಕ್ಕವು. ಒಂದೇ ಕಣ್ಣಿನಲ್ಲಿ ಕೆಂಪು ಮಚ್ಚೆ, ಬಿಳಿ ಮಚ್ಚೆ. ಇಂಥ ನೊಣಗಳಲ್ಲಿ ಕಿರಣದ ಹೊಡೆತಕ್ಕೆ ಎಕ್ಸ್ ಕ್ರೋಮೋಸೋಮ್ ಎರಡು ಕಡೆ ಮುರಿದು, ನಡುವಿನ ತುಂಡು ತಿರುಗಾಮುರುಗಾ ಕೂಡಿಕೊಂಡಿರುತ್ತದೆ. ಹಾಗೆ ವೈಟ್ ಜೀನ್ ತನ್ನ ಜಾಗ ಬಿಟ್ಟು, ಕ್ರೋಮೋಸೋಮಿನ ಒತ್ತಾಗಿ ಸುತ್ತಿಕೊಂಡ, ನಕಲೇ ತೆಗೆಯಲಾಗದ ಭಾಗದ ಪಕ್ಕಕ್ಕೆ ಬಂದು ಬೀಳುತ್ತದೆ. ಆ ಬಿಗಿತ ಕೆಲವು ಜೀವಕೋಶಗಳಲ್ಲಿ ವೈಟ್‌ವರೆಗೂ ಹಬ್ಬುತ್ತದೆ, ಕೆಲವುಗಳಲ್ಲಿ ಹಬ್ಬುವುದಿಲ್ಲ. ಅದರಿಂದಲೇ ಮಚ್ಚೆ. ಇನ್ನೊಮ್ಮೆ ಮುರಿದು ಅಲ್ಲಿಂದ ದೂರ ಸರಿದರೆ ಕೆಂಪು ಮರಳುತ್ತದೆ, ಅಂದರೆ ಜೀನಿಗೆ ಏನೂ ಆಗಿರಲಿಲ್ಲ.

ಈ ಮಚ್ಚೆಗಣ್ಣನ್ನೇ ಅಳತೆಗೋಲು ಮಾಡಿಕೊಂಡು, ಮಚ್ಚೆಯನ್ನು ಹೆಚ್ಚು ಕಡಿಮೆ ಮಾಡುವ ಬೇರೆ ಜೀನ್‌ಗಳನ್ನು ಸಂಶೋಧಕರು ಹುಡುಕಿದರು. ಹಾಗೆ ಸಿಕ್ಕಿದ ಒಂದರ ಮನುಷ್ಯರ ಪ್ರತಿರೂಪ, ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಪ್ರೋಟೀನಿನ ಮೇಲೆ ಮೀಥೈಲ್ ಗುರುತು ಹಾಕುವ ಕಿಣ್ವವೆಂದು 2000ದಲ್ಲಿ ತಿಳಿಯಿತು. ಜೀನ್‌ಗಳನ್ನು ಮುಚ್ಚಿಡುವ ವ್ಯವಸ್ಥೆಯ ಬಗ್ಗೆ ಇಂದು ಗೊತ್ತಿರುವುದರಲ್ಲಿ ದೊಡ್ಡ ಪಾಲು ನೊಣದ ಕಣ್ಣಿನ ಮಚ್ಚೆ ಎಣಿಸುತ್ತ ಕೂತವರದು.

1982ರಲ್ಲಿ ಜೆರಾಲ್ಡ್ ರೂಬಿನ್ ಮತ್ತು ಆಲನ್ ಸ್ಪ್ರಾಡ್ಲಿಂಗ್ ನೊಣದ ಭ್ರೂಣಕ್ಕೆ ಹೊರಗಿನಿಂದ ಜೀನ್ ಸೇರಿಸುವ ವಿಧಾನ ಕಂಡುಕೊಂಡ ಮೇಲೆ ವೈಟ್‌ಗೆ ಹೊಸ ನೌಕರಿ ಸಿಕ್ಕಿತು. ಸೇರಿಸಬೇಕಾದ ಜೀನಿನ ಜೊತೆ ವೈಟ್‌ನ ಚಿಕ್ಕ ಆವೃತ್ತಿಯೊಂದನ್ನು ಪೋಣಿಸಿ, ಬಿಳಿಗಣ್ಣಿನ ತಳಿಯ ಭ್ರೂಣಗಳಿಗೆ ಸೂಜಿಯಿಂದ ಹಾಕುತ್ತಾರೆ. ಮುಂದಿನ ತಲೆಮಾರಿನಲ್ಲಿ ಯಾವುದರ ಕಣ್ಣಿಗೆ ಬಣ್ಣ ಬಂದಿದೆಯೋ ಅದರಲ್ಲಿ ಜೀನ್ ಸೇರಿದೆ. ಡಿಎನ್‌ಎ ಪರೀಕ್ಷೆ ಬೇಡ, ಸೂಕ್ಷ್ಮದರ್ಶಕದಲ್ಲಿ ಒಂದು ನೋಟ ಸಾಕು. ಬಣ್ಣ ಮಾತ್ರ ಎಲ್ಲದರಲ್ಲೂ ಒಂದೇ ಇರುವುದಿಲ್ಲ: ಒಂದರಲ್ಲಿ ತಿಳಿಹಳದಿ, ಒಂದರಲ್ಲಿ ಕಿತ್ತಳೆ, ಒಂದರಲ್ಲಿ ಕೆಂಪು. ಜೀನ್ ಹೋಗಿ ಕೂತ ಜಾಗದ ಪ್ರಭಾವ ಅದು, ಮುಲ್ಲರ್ ಕಂಡದ್ದರ ಇನ್ನೊಂದು ಮುಖ. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದ ಆವರಣದಲ್ಲಿ ಹೀಗೆ ಜೀನ್ ಸೇರಿಸಿದ ನೊಣಗಳನ್ನು ಬೇರೆ ಬೇರೆ ಪ್ರಯೋಗಾಲಯಗಳಿಗಾಗಿ ತಯಾರಿಸಿ ಕೊಡುವ ವ್ಯವಸ್ಥೆಯಿದೆ.

ಇಷ್ಟು ವರ್ಷ ಕಣ್ಣಿನ ಜೀನ್ ಎಂದೇ ಹೆಸರಾದ ವೈಟ್ ಕಣ್ಣಿಗೆ ಮಾತ್ರ ಸೇರಿದ್ದಲ್ಲ ಎಂಬುದು ಇತ್ತೀಚಿನ ದಶಕಗಳಲ್ಲಿ ಬಯಲಾಗಿದೆ. ಮೂತ್ರಪಿಂಡದ ಕೆಲಸ ಮಾಡುವ ಮಾಲ್ಪಿಜಿಯನ್ ನಳಿಕೆಗಳಲ್ಲಿ ಅದರ ಪ್ರೋಟೀನ್ ಇದೆ, ಮಿದುಳಿನಲ್ಲೂ ಅದರ ಪರಿಣಾಮ ಕಾಣುತ್ತದೆ. ಜಾಗ ನೆನಪಿಟ್ಟುಕೊಳ್ಳುವ ಪರೀಕ್ಷೆಯಲ್ಲಿ ವೈಟ್ ಕೆಟ್ಟ ನೊಣಗಳು ಹಿಂದೆ ಬೀಳುತ್ತವೆ. ವೈಟ್ ಪ್ರೋಟೀನನ್ನು ಮೈತುಂಬ ತಯಾರಿಸುವಂತೆ ಮಾಡಿದರೆ ಗಂಡು ನೊಣಗಳು ಗಂಡುಗಳ ಹಿಂದೆಯೇ ಸುತ್ತುತ್ತವೆ ಎಂದು 1995ರಲ್ಲಿ ವರದಿಯಾಯಿತು. ಇದೇ ಕುಟುಂಬದ ಸಾಗಣೆ ಪ್ರೋಟೀನ್‌ಗಳು ಮನುಷ್ಯರಲ್ಲೂ ಇವೆ: ಒಂದು ಜೀವಕೋಶದಿಂದ ಕೊಲೆಸ್ಟರಾಲ್ ಹೊರಸಾಗಿಸುತ್ತದೆ, ಇನ್ನೊಂದು ಕ್ಯಾನ್ಸರ್ ಜೀವಕೋಶದೊಳಗೆ ಹೋದ ಔಷಧವನ್ನು ಹೊರದಬ್ಬಿ ವೈದ್ಯರಿಗೆ ತಲೆನೋವಾಗುತ್ತದೆ. ನೊಣದ ನಡವಳಿಕೆ ಅಳೆಯುವವರಿಗೆ ಹಾಗಾಗಿ ಒಂದು ಹೊಸ ಕೆಲಸ ಬಿದ್ದಿದೆ. ಗುರುತಿಗೆಂದು ಸೇರಿಸಿದ ವೈಟ್ ತಾನೇ ನಡವಳಿಕೆ ಬದಲಿಸಿರಬಹುದಾದ್ದರಿಂದ, ಹೋಲಿಕೆಗೆ ಇಡುವ ನೊಣಗಳ ಮೈಯಲ್ಲೂ ಅಷ್ಟೇ ವೈಟ್ ಇರುವಂತೆ ಮೊದಲು ನೋಡಿಕೊಳ್ಳಬೇಕು.