ನಮ್ಮ ಮನೆಯ ಪಂಡಿತ

ಊರಿನ ನೀರು, ರೈತನ ವಿಮೆ, ಶಾಲೆಗಳ ಛಾವಣಿ ಇವುಗಳ ವಿಷಯವಾಗಿ ಬರೆಯಬೇಕಾದದ್ದು ಬೆಟ್ಟದಷ್ಟಿರುವಾಗ ಪಕ್ಷಿಯೊಂದಕ್ಕಾಗಿ ಈ ಸ್ಥಳವನ್ನು ವ್ಯಯಿಸುವದು ಉಚಿತವೇ ಎಂದು ನಮ್ಮ ವಾಚಕರಲ್ಲಿ ಕೆಲವರಾದರೂ ಕೇಳದೆ ಇರಲಾರರು. ಕಳೆದ ತಿಂಗಳು ಒಬ್ಬ ತರುಣ ಅಧಿಕಾರಿಗಳು ನಮ್ಮ ಮನೆಗೆ ಬಂದಿದ್ದರು. ಪಡಸಾಲೆಯಲ್ಲಿದ್ದ ಬೂದು ಬಣ್ಣದ ಗಿಳಿಯನ್ನು ಕಂಡು ಅವರು, “ಇದು ಎಲ್ಲಿ ಸಿಗತದರೀ? ನಮ್ಮ ಹುಡುಗನ ಹುಟ್ಟುಹಬ್ಬಕ್ಕ ಒಂದು ಕೊಡಸಬೇಕಂತೀನಿ” ಎಂದರು. ಅಂದು ನಾವು ಅವರಿಗೆ ಚಹಾ ಕೊಟ್ಟೆವೇ ಹೊರತು ಉತ್ತರವನ್ನು ಕೊಡಲಿಲ್ಲ. ಉತ್ತರವು ಒಂದು ಮಾತಿನಲ್ಲಿ ಮುಗಿಯುವಂಥದಾಗಿರಲಿಲ್ಲ.

ಈ ಪಕ್ಷಿಯನ್ನು ನಾವು ಕೊಂಡು ತಂದವರಲ್ಲ. 2013ರ ಬೇಸಿಗೆಯಲ್ಲಿ ನಮ್ಮ ಮಿತ್ರರಾದ ಒಬ್ಬ ಅಧಿಕಾರಿಗಳಿಗೆ ದೂರದ ಊರಿಗೆ ವರ್ಗವಾಯಿತು. ಹೊಸ ಊರಿನಲ್ಲಿ ಮನೆ ಸಿಕ್ಕಿರಲಿಲ್ಲ, ಸಾಮಾನುಗಳೆಲ್ಲ ಲಾರಿಯನ್ನೇರಿದ್ದವು, ಪಂಜರವೊಂದೇ ಉಳಿದಿತ್ತು. “ರಾಯರ, ಎರಡು ತಿಂಗಳ ಮಟ್ಟಿಗೆ ಇಟಗೋರಿ” ಎಂದು ನಮ್ಮ ಬಾಗಿಲಲ್ಲಿ ಇಳಿಸಿ ಹೋದರು. ಆ ಎರಡು ತಿಂಗಳು ಇನ್ನೂ ಮುಗಿದಿಲ್ಲ. ಪಕ್ಷಿಗೆ ಆಗ ಮೂರು ವರ್ಷವೆಂದು ಅವರು ಹೇಳಿದ್ದರು.

ನಮ್ಮ ಮಾವಿನ ತೋಪುಗಳಲ್ಲಿ ಕಾಣುವ ಹಸಿರು ಗಿಳಿಯನ್ನು ಬಲ್ಲವರಿಗೆ ಇದು ಮೊದಲ ನೋಟಕ್ಕೆ ಗಿಳಿಯೆಂದೇ ತೋರುವದಿಲ್ಲ. (ಆ ಹಸಿರು ಗಿಳಿಯನ್ನು ಪಂಜರದಲ್ಲಿಡುವದು 1972ರ ವನ್ಯಜೀವಿ ಕಾಯದೆಯ ಪ್ರಕಾರ ಅಪರಾಧವೆಂಬುದನ್ನು ಬಲ್ಲವರು ನಮ್ಮ ಊರಿನಲ್ಲಿ ಎಷ್ಟು ಜನರೋ!) ಮೈಯೆಲ್ಲ ಬೂದಿಯ ಬಣ್ಣ; ಪ್ರತಿಯೊಂದು ಗರಿಗೂ ತಿಳಿ ಅಂಚು; ಕರಿಯ ಕೊಕ್ಕು, ನಸುಹಳದಿಯ ಕಣ್ಣು; ಬಾಲ ಮಾತ್ರ ಕುಂಕುಮದ ಕೆಂಪು. ಉದ್ದ ಸುಮಾರು 33 ಸೆಂಟಿಮೀಟರು, ತೂಕ ಅರ್ಧ ಕಿಲೋಗ್ರಾಮಿಗೂ ಕಡಿಮೆ. ಘಾನಾ, ಕ್ಯಾಮರೂನುಗಳಿಂದ ಹಿಡಿದು ಕಾಂಗೋ, ಉಗಾಂಡಾಗಳ ವರೆಗೆ ಹಬ್ಬಿದ ಆಫ್ರಿಕದ ಕಾಡುಗಳು ಇದರ ತೌರು. ಸ್ವೀಡನ್ ದೇಶದ ಲಿನೇಯಸ್ ಪಂಡಿತನು 1758ರಲ್ಲಿಯೇ ಇದಕ್ಕೆ ಶಾಸ್ತ್ರೀಯ ಹೆಸರನ್ನಿಟ್ಟಿರುವನು. ನಮ್ಮ ತಾಯಿಯವರು ಒಂದು ವಾರ ಇದರ ಗಂಭೀರ ಮುಖವನ್ನು ನೋಡಿ “ಪಂಡಿತ” ಎಂದು ಕರೆದರು. ಈ ಜಾತಿಯಲ್ಲಿ ಗಂಡುಹೆಣ್ಣುಗಳನ್ನು ಹೊರಗಿನ ರೂಪದಿಂದ ಗುರುತಿಸುವದು ಕಠಿಣ. ಕೆಲವು ವರ್ಷಗಳ ತರುವಾಯ ರಕ್ತವನ್ನು ಪರೀಕ್ಷಿಸಿದ ವೈದ್ಯರು ಪಂಡಿತನು ಹೆಣ್ಣೆಂದು ತಿಳಿಸಿದರು. ಇಟ್ಟ ಹೆಸರನ್ನು ಬದಲಿಸಲು ತಾಯಿಯವರು ಒಪ್ಪಲಿಲ್ಲ. ಆದಕಾರಣ ನಾವೂ ಇಲ್ಲಿ ರೂಢಿಯಂತೆಯೇ ಬರೆಯುವೆವು.

ಬೆಳಗಿನ ಐದೂವರೆಗೆ ಪಂಡಿತನ ದಿನಚರಿ ಆರಂಭವಾಗುವದು. ಮೊದಲು ಹಾಲಿನವನ ಮೋಟಾರು ಸೈಕಲ್ಲಿನ ಸಪ್ಪಳ. ಅದರ ಬೆನ್ನಿಗೆ ಬಾಗಿಲ ಗಂಟೆ. ಆಮೇಲೆ ಪ್ರೆಶರ್ ಕುಕ್ಕರಿನ ಸೀಟಿ. ಈ ಸೀಟಿಯಿಂದಾಗಿ ನಮ್ಮ ಮನೆಯಲ್ಲಿ ಅನ್ನವು ಎಷ್ಟೋ ಸಲ ಅರೆಬೆಂದಿರುವದು. ಒಲೆಯ ಮೇಲಿನ ಕುಕ್ಕರು ಒಂದು ಬಾರಿ ಕೂಗಿದರೆ ಪಂಡಿತನು ಎರಡು ಬಾರಿ ಕೂಗಿ ಲೆಕ್ಕವನ್ನು ಪೂರ್ತಿ ಮಾಡಿಬಿಡುವನು. ನಮ್ಮ ಮೊಬೈಲು ಫೋನಿನ ಧ್ವನಿಯನ್ನು ನಾವು ಮೂರು ಸಲ ಬದಲಿಸಿದೆವು. ಮೂರನ್ನೂ ಅವನು ಕಲಿತನು. ಅತಿಥಿಗಳು ಎದುರಿಗೆ ಕುಳಿತು “ಮಾತಾಡೋ, ಮಾತಾಡೋ” ಎಂದು ಪೀಡಿಸಿದರೆ ಮಾತ್ರ ಮೌನವ್ರತ. ಅವರು ಮೆಟ್ಟು ಮೆಟ್ಟಿಕೊಂಡು ಹೊರಟ ಮೇಲೆ, ನಮ್ಮದೇ ಧ್ವನಿಯಲ್ಲಿ “ಆತೇಳ್ರಿ, ಬರ್ರಿ ಇನ್ನ” ಎನ್ನುವನು. ಇದರಿಂದ ನಮಗಿಬ್ಬರು ಮಿತ್ರರ ಮನಸ್ತಾಪವೂ ಆಗಿರುವದು.

ಮನುಷ್ಯನ ಹಾಗೆ ಗಂಟಲಿನಲ್ಲಿ ಸ್ವರತಂತುಗಳಿಲ್ಲದ ಈ ಪ್ರಾಣಿಯು ಮಾತಾಡುವದು ಹೇಗೆ? ಶ್ವಾಸನಾಳವು ಎರಡಾಗಿ ಕವಲೊಡೆಯುವ ಬುಡದಲ್ಲಿ ಪಕ್ಷಿಗಳಿಗೆ ಒಂದು ಸ್ವರಯಂತ್ರವಿರುತ್ತದೆ. ಅಲ್ಲಿ ಹುಟ್ಟಿದ ನಾದವನ್ನು ಗಿಳಿಯು ತನ್ನ ದಪ್ಪ ನಾಲಿಗೆಯಿಂದ ತಿದ್ದುತ್ತದೆ. ಕಾಡಿನಲ್ಲಿ ಮರಿಯು ತನ್ನ ಹಿಂಡಿನ ಕೂಗುಗಳನ್ನು ಕಲಿತು ಹಿಂಡಿನವನಾಗುವದು. ಹಿಂಡೇ ಇಲ್ಲದ ಮನೆಯಲ್ಲಿ ಕುಕ್ಕರು, ಫೋನು, ನಾವು, ನೀವು ಎಲ್ಲರೂ ಅದರ ಹಿಂಡು. ನಮ್ಮನ್ನು ನಗಿಸುವದಕ್ಕಾಗಿ ಅದು ಮಾತು ಕಲಿಯುವದೆಂದು ತಿಳಿಯುವದು ದೊಡ್ಡ ತಪ್ಪು.

ಇದು ಬರಿಯ ಉರುಹೊಡೆಯುವದೆಂದು ಬಹುಕಾಲ ತಿಳಿಯಲಾಗಿತ್ತು. ಕಾದಂಬರಿಯ ವೈಶಂಪಾಯನನೆಂಬ ಗಿಳಿಯು ರಾಜಸಭೆಯಲ್ಲಿ ಕಥೆ ಹೇಳಿದ್ದನ್ನೂ, ಮಂಡನಮಿಶ್ರರ ಮನೆಯ ಬಾಗಿಲಲ್ಲಿ ಗಿಳಿಗಳು ಶಾಸ್ತ್ರಾರ್ಥ ಮಾಡುತ್ತಿದ್ದುದನ್ನೂ ಪಾಠಶಾಲೆಯಲ್ಲಿ ಓದಿದ ನಾವು ಸಹ ಅವನ್ನು ಕವಿಕಲ್ಪನೆಯೆಂದೇ ಎಣಿಸಿದ್ದೆವು. ಆದರೆ ಅಮೇರಿಕದಲ್ಲಿ ಐರೀನ್ ಪೆಪರ್‌ಬರ್ಗ್ ಎಂಬ ವಿದುಷಿಯು 1977ರಲ್ಲಿ ಒಂದು ಅಂಗಡಿಯಿಂದ ಇದೇ ಜಾತಿಯ ಗಿಳಿಯೊಂದನ್ನು ತಂದು, ಅಲೆಕ್ಸ್ ಎಂದು ಹೆಸರಿಟ್ಟು, ಮೂವತ್ತು ವರ್ಷ ಪಾಠ ಹೇಳಿದಳು. ಅಲೆಕ್ಸ್ ಸುಮಾರು ಐವತ್ತು ವಸ್ತುಗಳನ್ನೂ ಏಳು ಬಣ್ಣಗಳನ್ನೂ ಐದು ಆಕಾರಗಳನ್ನೂ ಹೆಸರಿಸಿ ಹೇಳುತ್ತಿತ್ತು. ಆರರ ವರೆಗೆ ಎಣಿಸುತ್ತಿತ್ತು. ಎರಡು ವಸ್ತುಗಳಲ್ಲಿ ಯಾವುದು ಸಮಾನ, ಯಾವುದು ಭಿನ್ನ ಎಂಬುದನ್ನು ಕೇಳಿದರೆ ತಿಳಿಸುತ್ತಿತ್ತು. 2007ರ ಸೆಪ್ಟೆಂಬರ 6ರಂದು ಅದು ತೀರಿಕೊಂಡಾಗ ಅದಕ್ಕೆ 31 ವರ್ಷ. 2020ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವು ನಮಗೆ ಇದಕ್ಕಿಂತಲೂ ವಿಸ್ಮಯಕರವೆನಿಸಿತು. ಬಿಲ್ಲೆಯನ್ನು ಕೊಟ್ಟರೆ ತಿನಿಸು ದೊರಕುವದೆಂದು ಬೂದು ಗಿಳಿಗಳಿಗೆ ಕಲಿಸಿ, ಒಂದರ ಬಳಿ ಬಿಲ್ಲೆಗಳಿದ್ದರೂ ವಿನಿಮಯದ ಕಿಂಡಿಯನ್ನು ಮುಚ್ಚಿದರು. ನೆರೆಯದರ ಕಿಂಡಿಯು ತೆರೆದಿದ್ದರೂ ಅದಕ್ಕೆ ಬಿಲ್ಲೆಗಳಿರಲಿಲ್ಲ. ಬಿಲ್ಲೆಯುಳ್ಳ ಗಿಳಿಯು ತನಗೆ ಯಾವ ಲಾಭವೂ ಇಲ್ಲದೆ ಅವನ್ನು ನೆರೆಯ ಗಿಳಿಗೆ ಕೊಕ್ಕಿನಿಂದ ದಾಟಿಸಿತಂತೆ! ಅದೇ ಪರೀಕ್ಷೆಗೆ ಒಳಪಟ್ಟ ಮಕಾವ್ ಜಾತಿಯ ಗಿಳಿಗಳು ಹಾಗೆ ಮಾಡಲಿಲ್ಲ.

ಇಂಥ ಬುದ್ಧಿಯುಳ್ಳ ಪ್ರಾಣಿಯನ್ನು ಸಾಕುವದೆಂದರೆ ಮನೆಯ ಕ್ರಮವನ್ನೇ ಅದರ ಕೈಗೆ ಒಪ್ಪಿಸಿದಂತೆ. ಅಡಿಗೆಮನೆಯಿಂದ ಅಂಟದ ಲೇಪದ ಬಾಣಲೆಗಳೆಲ್ಲ ಹೊರಗೆ ಹೋದವು. ಅಂಥ ಬಾಣಲೆ ಅತಿಯಾಗಿ ಕಾದರೆ ಏಳುವ ಹೊಗೆಯು ಮನುಷ್ಯನಿಗೆ ತಿಳಿಯುವ ಮೊದಲೇ ಪಕ್ಷಿಯನ್ನು ಕೊಲ್ಲುವದು. ನಮ್ಮ ಮನೆಯವರು ಅಜ್ಜಿಯ ಕಾಲದ ಕಬ್ಬಿಣದ ಹಂಚನ್ನು ಅಟ್ಟದಿಂದ ಇಳಿಸಿದರು. ದೋಸೆಯ ರುಚಿ ಹೆಚ್ಚಿತೆಂಬುದು ಬೇರೆ ಮಾತು. ಮೊದಲು ನಾವೂ ಎಲ್ಲರಂತೆ ಸೂರ್ಯಕಾಂತಿ ಬೀಜವನ್ನೇ ಬಟ್ಟಲು ತುಂಬ ಹಾಕುತ್ತಿದ್ದೆವು. ಒಂದು ದಿನ ಪಂಡಿತನು ಕೋಲಿನಿಂದ ಕೆಳಗೆ ಬಿದ್ದು ನಡುಗತೊಡಗಿದನು. ಧಾರವಾಡದಿಂದ ನಾನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ರಾತ್ರಿಯೇ ಕ್ರಮಿಸಿ ಬೆಂಗಳೂರಿನಲ್ಲಿ ಪಕ್ಷಿಗಳನ್ನು ಬಲ್ಲ ವೈದ್ಯರೊಬ್ಬರನ್ನು ಕಂಡೆವು. ರಕ್ತದಲ್ಲಿ ಸುಣ್ಣದ ಅಂಶವು ಇಳಿದಿರುವದೆಂದೂ, ಬೀಜವನ್ನಷ್ಟೇ ತಿಂದ ಬೂದು ಗಿಳಿಗಳಿಗೆ ಇದು ಬರುವ ರೋಗವೆಂದೂ ತಿಳಿಯಿತು. ಅಂದಿನಿಂದ ನೆನೆಸಿದ ಕಾಳು, ನುಗ್ಗೆಸೊಪ್ಪು, ಗಜ್ಜರಿ, ದಾಳಿಂಬರ; ಬೀಜ ಪ್ರಸಾದದಷ್ಟು. ಬ್ಯಾಡಗಿ ಮೆಣಸಿನಕಾಯಿಯನ್ನು ಕೊಟ್ಟರೆ ಒಂದು ಕಾಲಿನಿಂದ ಹಿಡಿದು ಸಕ್ಕರೆಯಂತೆ ತಿನ್ನುವನು. ಪಕ್ಷಿಗಳಿಗೆ ಮೆಣಸಿನಕಾಯಿಯ ಖಾರವು ತಟ್ಟುವದಿಲ್ಲ.

ಉಳಿದದ್ದನ್ನು ಬೇಗನೆ ಹೇಳಿ ಮುಗಿಸುವೆವು. ಗರಿಗಳಿಂದ ಉದುರುವ ಬಿಳಿಯ ಪುಡಿಯು ನಮ್ಮ ಕಂಪ್ಯೂಟರಿನ ಮೇಲೂ ಕರಡಚ್ಚುಗಳ ಮೇಲೂ ಭಸ್ಮದಂತೆ ಕೂಡ್ರುವದು. ದಮ್ಮಿನ ಬಾಧೆಯುಳ್ಳವರ ಮನೆಗೆ ಈ ಪಕ್ಷಿಯು ಸಲ್ಲದು. ರಾತ್ರಿ ಹತ್ತು ಹನ್ನೆರಡು ತಾಸು ಕತ್ತಲೆ ಬೇಕು, ಆದುದರಿಂದ ಟಿ.ವಿ.ಯ ವಾಗ್ಯುದ್ಧಗಳು ನಮ್ಮ ಮನೆಯಲ್ಲಿ ಎಂಟಕ್ಕೇ ಸಮಾಪ್ತಿ. ದಿನಕ್ಕೆ ನಾಲ್ಕು ತಾಸು ಪಂಜರದ ಹೊರಗೆ ಬಿಡಬೇಕು. ಆ ಅವಧಿಯಲ್ಲಿ ಒಂದು ಕನ್ನಡಕ, ಎರಡು ಲೇಖನಿ, ಅರ್ಧ ಪಂಚಾಂಗ ಸ್ವಾಹಾ ಆಗಿರುವವು.

ಇನ್ನು, ನಮಗೆ ಬರೆಯಲು ಕಷ್ಟವಾಗಿರುವ ಸಂಗತಿಗೆ ಬರುವೆವು. ನಾವು ದಿನದಲ್ಲಿ ಹನ್ನೆರಡು ತಾಸು ಕಾರ್ಯಾಲಯದಲ್ಲಿರುವವರು. ಪಂಡಿತನ ನಿಜವಾದ ಸಂಗಾತಿ ನಮ್ಮ ತಾಯಿಯವರೇ ಆಗಿದ್ದರು. ಅವರು ಬತ್ತಿ ಹೊಸೆಯುವಾಗ, ಕಾಳು ಹಸನು ಮಾಡುವಾಗ, ಜಪಕ್ಕೆ ಕುಳಿತಾಗ ಅವನು ಅವರ ಮಣೆಯ ಪಕ್ಕದಲ್ಲಿ. ಎಂಟು ವರ್ಷ ಹೀಗೆ ನಡೆಯಿತು. 2021ರ ಮಳೆಗಾಲದಲ್ಲಿ ಅವರು ತೀರಿಕೊಂಡರು. ಹನ್ನೆರಡನೆಯ ದಿನ ಬಂಧುಬಳಗವೆಲ್ಲ ಊಟಕ್ಕೆ ಕುಳಿತಿರುವಾಗ, ಒಳಗಿನ ಕೋಣೆಯಿಂದ ತಾಯಿಯವರ ಧ್ವನಿ: “ಏ ತಮ್ಮಾ, ಚಹಾ ಆರ್ಲಿಕ್ಕತ್ತದ, ಬಾರೋ!” ಎಲೆಯ ಮೇಲೆ ಎಲ್ಲರ ಕೈಯೂ ನಿಂತಿತು. ನಾವು ಅರಿವಿಲ್ಲದೆ ಎದ್ದು ನಿಂತೆವು. ನಮ್ಮ ಸೋದರತ್ತೆಯವರು ಅಶುಭವೆಂದರು; ಪಕ್ಷಿಯನ್ನು ಇಂದೇ ಯಾರಿಗಾದರೂ ಕೊಟ್ಟುಬಿಡಬೇಕೆಂದು ಹಲವರು ಹಿತ ಹೇಳಿದರು. ನಾವು ಏನೂ ಹೇಳದಾದಾಗ ನಮ್ಮ ಮನೆಯವರು, “ಇರ್ಲಿ ಬಿಡ್ರಿ. ಅತ್ತಿಯವರ ದನಿ ಇನ್ನ ಅದೊಂದರೊಳಗ ಅದ” ಎಂದರು.

ದುಃಖವು ನಮ್ಮದೊಂದೇ ಎಂದು ನಾವು ತಿಳಿದಿದ್ದೆವು. ನಮಗೆ ಸಮಾಧಾನ ಹೇಳಲು ನೂರು ಜನ ಬಂದರು; ಪಂಡಿತನನ್ನು ಕೇಳಿದವರಿಲ್ಲ. ಒಂದು ತಿಂಗಳಲ್ಲಿ ಅವನು ತನ್ನ ಎದೆಯ ಗರಿಗಳನ್ನು ಒಂದೊಂದಾಗಿ ತಾನೇ ಕಿತ್ತುಕೊಳ್ಳಹತ್ತಿದನು. ಪಂಜರದ ತಳದಲ್ಲಿ ಬೂದು ಗರಿಗಳ ರಾಶಿ. ಎದೆಯಲ್ಲಿ ಕೆಂಪು ತೊಗಲು. ಚರ್ಮದ ರೋಗವಲ್ಲವೆಂದು ವೈದ್ಯರು ನಿಶ್ಚಯಿಸಿದರು. “ದಿನವಿಡೀ ಇದರ ಬಳಿ ಯಾರಿರುತ್ತಾರೆ?” ಎಂದು ಅವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಪಂಜರವನ್ನು ನಮ್ಮ ಕಾರ್ಯಾಲಯದ ಕೋಣೆಗೆ ತಂದೆವು. ಸ್ವಾತಂತ್ರ್ಯದ ವಿಷಯವಾಗಿ ಅಗ್ರಲೇಖ ಬರೆಯುವ ಮೇಜಿನಿಂದ ನಾಲ್ಕು ಮೊಳದ ಅಂತರದಲ್ಲಿ ಸರಳುಗಳ ಹಿಂದೆ ಒಂದು ಜೀವ ತನ್ನ ಗರಿ ಕೀಳುತ್ತಿರುವಾಗ ಬರೆದ ಅಗ್ರಲೇಖಗಳು ಹೇಗಿದ್ದವೆಂಬುದನ್ನು ವಾಚಕರೇ ಹೇಳಬೇಕು. ಗರಿಗಳು ತಿರುಗಿ ಬರಲು ಒಂದು ವರ್ಷ ಹಿಡಿಯಿತು. ಎಡಪಕ್ಕದಲ್ಲಿ ಕೆಲವು ಇಂದಿಗೂ ಬಂದಿಲ್ಲ.

ಬಿಟ್ಟುಬಿಡಬಾರದೇ ಎಂದು ಕೇಳುವರು. ಎಲ್ಲಿಗೆ? ಇಲ್ಲಿ ಅದಕ್ಕೆ ಕಾಡೂ ಇಲ್ಲ, ಹಿಂಡೂ ಇಲ್ಲ. ಕಾಗೆಗಳು ಒಂದು ದಿನ ಉಳಿಸಲಾರವು. ಅದರ ಕಾಡಿನಲ್ಲಿಯಾದರೂ ಹಿಂಡುಗಳು ಎಷ್ಟು ಉಳಿದಿವೆ? 1975ರಿಂದ ಮುಂದೆ ಸುಮಾರು ನಾಲ್ವತ್ತು ವರ್ಷಗಳಲ್ಲಿ ಕಾಡಿನಿಂದ ಹಿಡಿದ 12 ಲಕ್ಷಕ್ಕೂ ಹೆಚ್ಚು ಬೂದು ಗಿಳಿಗಳು ದಫ್ತರದಲ್ಲಿ ನಮೂದಾಗಿಯೇ ಹಡಗು, ವಿಮಾನಗಳನ್ನೇರಿದವು. ಗೂಡಿನಲ್ಲಿ, ಬಲೆಯಲ್ಲಿ, ಪೆಟ್ಟಿಗೆಯಲ್ಲಿ ಸತ್ತವು ಆ ಲೆಕ್ಕಕ್ಕೆ ಸೇರಿಲ್ಲ. ಘಾನಾ ದೇಶದಲ್ಲಿ 1992ರಿಂದೀಚೆಗೆ ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟು ಅಳಿದವೆಂದು 2016ರಲ್ಲಿ ಪ್ರಕಟವಾದ ಪರಿಶೀಲನೆಯು ತಿಳಿಸಿತು. ಅದೇ ವರ್ಷ ಜೊಹಾನ್ಸ್‌ಬರ್ಗಿನಲ್ಲಿ ಕೂಡಿದ ರಾಷ್ಟ್ರಗಳು ಸೈಟಿಸ್ ಒಪ್ಪಂದದ ಮೊದಲನೆಯ ಅನುಬಂಧದಲ್ಲಿ ಇದನ್ನು ಸೇರಿಸಿ, ಕಾಡಿನ ಪಕ್ಷಿಯ ವ್ಯಾಪಾರವನ್ನು ನಿಷೇಧಿಸಿದವು. ನಮ್ಮ ದೇಶದಲ್ಲಿಯೂ 2022ರ ತಿದ್ದುಪಡಿಯ ಕಾಯದೆಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, 2024ರ ಫೆಬ್ರುವರಿಯ ನಿಯಮಗಳ ಮೇರೆಗೆ ಇಂಥ ಪರದೇಶದ ಪ್ರಾಣಿಗಳನ್ನು ಸಾಕಿದವರು ಆರು ತಿಂಗಳೊಳಗಾಗಿ ಅರಣ್ಯ ಇಲಾಖೆಗೆ ತಿಳಿಸಿ ನೋಂದಾಯಿಸಬೇಕೆಂದು ವಿಧಿಸಲ್ಪಟ್ಟಿತು. ಆ ಅರ್ಜಿಯನ್ನು ತುಂಬಲು ಕುಳಿತಾಗ, ಪಕ್ಷಿಯು ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ನಮ್ಮ ಕೈ ನಿಂತಿತು. ಮಿತ್ರರಿಗೆ ಫೋನು ಮಾಡಿದೆವು. ಬೆಂಗಳೂರಿನಲ್ಲಿ ಯಾರೋ ಮರಿ ಮಾಡಿಸಿ ಮಾರುವವರಿಂದ ಕೊಂಡದ್ದೆಂದರು, ರಸೀದಿ ಇರಲಿಲ್ಲ. ಇದ್ದುದನ್ನು ಇದ್ದ ಹಾಗೆ ಬರೆದು ಕಳುಹಿಸಿದೆವು. ಪಂಡಿತನು ಯಾರದೋ ಮನೆಯಲ್ಲಿ ಹುಟ್ಟಿದಂಥವನೋ, ಕಾಂಗೋದ ಯಾವುದೋ ಮರದ ಪೊಟರೆಯಿಂದ ಎಳೆದು ತಂದವನೋ ಎಂಬುದು ನಮಗೆ ಎಂದಿಗೂ ತಿಳಿಯದು.

ಸಾಕಿದವರಿಗೆ ಇದರ ಮೇಲೆ ಪ್ರೀತಿಯಿಲ್ಲವೆಂದು ನಾವು ಹೇಳುತ್ತಿಲ್ಲ. 2022ರ ಜುಲೈಯಲ್ಲಿ ತುಮಕೂರಿನಲ್ಲಿ ರುಸ್ತುಮಾ ಎಂಬ ಬೂದು ಗಿಳಿಯು ಹಾರಿ ಹೋದಾಗ ಆ ಮನೆಯವರು ಊರೆಲ್ಲ ಭಿತ್ತಿಪತ್ರ ಹಚ್ಚಿ 50,000 ರೂಪಾಯಿಗಳ ಇನಾಮು ಸಾರಿದರು. ಪಕ್ಷಿಯು ಸಿಕ್ಕಾಗ ಸಂತೋಷದಿಂದ 85,000 ಕೊಟ್ಟರು. ಅದನ್ನು ಓದಿ ನಕ್ಕವರು ಬಹಳ. ನಮಗೆ ನಗೆ ಬರಲಿಲ್ಲ.

ಆ ತರುಣ ಅಧಿಕಾರಿಗಳಿಗೆ ನಮ್ಮ ಉತ್ತರವು ಒಂದು ಲೆಕ್ಕದಲ್ಲಿದೆ. ಒಳ್ಳೆಯ ಆರೈಕೆಯಲ್ಲಿ ಈ ಪಕ್ಷಿಯು ನಾಲ್ವತ್ತರಿಂದ ಅರವತ್ತು ವರ್ಷ ಬದುಕುವದು. ಅವರಿಗೆ ಈಗ ಮೂವತ್ತೈದು. ನಿವೃತ್ತಿಯ ವರೆಗೆ ಇನ್ನು ಎಂಟು ಹತ್ತು ವರ್ಗಾವಣೆಗಳಾದರೂ ಆಗುವವು. ಹುಟ್ಟುಹಬ್ಬದ ಹುಡುಗನು ಕಾಲೇಜಿಗೆ ಹೋಗಿ, ಮದುವೆಯಾಗಿ, ಪರದೇಶಕ್ಕೂ ಹೋದಾನು. ಗಿಳಿಯು ಆಗಲೂ ಅದೇ ಕೋಲಿನ ಮೇಲೆ ಕುಳಿತು ಹುಡುಗನ ಎಂಟನೆಯ ವರ್ಷದ ಧ್ವನಿಯಲ್ಲಿ ಕೂಗುತ್ತಿರುವದು. ಎರಡು ತಿಂಗಳಿಗೆಂದು ಇಟ್ಟುಕೊಳ್ಳುವ ಮಿತ್ರರು ಎಲ್ಲರಿಗೂ ಎಲ್ಲ ಊರಿನಲ್ಲಿಯೂ ಸಿಕ್ಕುವದಿಲ್ಲ. ಕೊಡಿಸಬೇಡಿರಿ.

ನಮ್ಮ ಲೆಕ್ಕವೂ ಇದೆ. ನಮಗೆ ಐವತ್ತೇಳು, ಪಂಡಿತನಿಗೆ ಹದಿನೈದು ಮೀರಿತು. ನಮ್ಮ ಮಗನ ಮನೆ ಪುಣೆಯಲ್ಲಿ ಎಂಟನೆಯ ಅಂತಸ್ತಿನಲ್ಲಿದ್ದು ಅವನ ಹೆಂಡತಿಗೆ ದಮ್ಮು. ತಂಗಿಯ ಮಗಳೊಬ್ಬಳು, ಇಲ್ಲಿಯೇ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವವಳು, ಎರಡು ವರ್ಷದಿಂದ ಪ್ರತಿ ರವಿವಾರ ಬಂದು ಅವನ ಬಳಿ ಕೂಡ್ರುತ್ತಾಳೆ. ಮೊದಲ ಆರು ತಿಂಗಳು ಅವಳ ಬೆರಳಿಗೆ ಬರಲಿಲ್ಲ. ಎರಡು ಸಲ ಕಚ್ಚಿ ರಕ್ತ ತೆಗೆದನು. ಕಳೆದ ರವಿವಾರ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗ ಒಳಗಿನಿಂದ ತಾಯಿಯವರ ಧ್ವನಿ ಕೇಳಿಸಿತು. ಈ ಸಲ ಕರೆದದ್ದು ನಮ್ಮನ್ನಲ್ಲ, ಅವಳನ್ನು. ತಾಯಿಯವರು ಅವಳಿಗೆ ಇಟ್ಟಿದ್ದ ಮುದ್ದಿನ ಹೆಸರಿನಿಂದ. ಅವಳು “ಬಂದೆ ಅಜ್ಜಿ” ಎಂದು ಒಳಗೆ ಹೋದಳು. ನಾವು ಕರಡಚ್ಚು ತಿದ್ದುತ್ತಿದ್ದೆವು, ಚಹಾ ಆರಿಹೋಯಿತು.