ಪರದೆಯ ಮೇಲಿನ ಇಂಗ್ಲಿಷ್ ಓದು: ನಮ್ಮ ಘಟಕಗಳಿಗೆ ಎಷ್ಟು ಉಪಯುಕ್ತ?

ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಾಗಲಿ, ಕೋಲಾರ ತಾಲ್ಲೂಕಿನ ನರಸಾಪುರದಲ್ಲಾಗಲಿ ಹೊಸದಾಗಿ ಕೆಲಸಕ್ಕೆ ಸೇರುವ ಯುವಕನ ಕಣ್ಣಿಗೆ ಮೊದಲು ಬೀಳುವುದು ಇಂಗ್ಲಿಷ್ ಬರಹ. ದ್ರಾವಕದ ಡಬ್ಬಿಯ ಮೇಲೆ 'ಇನ್‌ಫ್ಲೇಮಬಲ್' ಎಂದಿರುತ್ತದೆ. 'ಕರೆಕ್ಟ್' ಪದಕ್ಕೆ 'ಇನ್‌ಕರೆಕ್ಟ್' ವಿರುದ್ಧ ಪದವೆಂದು ಶಾಲೆಯಲ್ಲಿ ಕಲಿತವನು, ಇದನ್ನು 'ಬೆಂಕಿ ಹತ್ತದ ವಸ್ತು' ಎಂದು ಭಾವಿಸಿದರೆ ಆಶ್ಚರ್ಯವಿಲ್ಲ. ನಿಜವಾದ ಅರ್ಥ 'ಸುಲಭವಾಗಿ ಬೆಂಕಿ ಹೊತ್ತಿಕೊಳ್ಳುವಂಥದು'. ಓದಿನ ಇಂಥ ಒಂದು ತಪ್ಪು ಜೀವಕ್ಕೇ ಎರವಾಗಬಲ್ಲದು.

ತೊಡಕು ಎಲ್ಲಿದೆ?

ಕನ್ನಡವನ್ನು ಬರೆದಂತೆಯೇ ಓದುತ್ತೇವೆ, ಇಂಗ್ಲಿಷಿನಲ್ಲಿ ಹಾಗಲ್ಲ. 'ರಿಸೀಟ್' ಪದದಲ್ಲಿ 'ಪಿ' ಅಕ್ಷರವಿದ್ದರೂ ಉಚ್ಚಾರಣೆಯಲ್ಲಿಲ್ಲ. ಯಂತ್ರದ 'ನಾಬ್' ಪದ ಆರಂಭವಾಗುವುದೇ 'ಕೆ' ಅಕ್ಷರದಿಂದ. ಆಂಧ್ರದ ಗಡಿಗೆ ಹೊಂದಿಕೊಂಡಿರುವ ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ತೆಲುಗು ಮಾತು, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಅವರಿಗೆ ಮೂರನೆಯ ಭಾಷೆ. 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆಯಾದರೂ ಕಾರ್ಖಾನೆಯ ಪದಗಳು ಪಠ್ಯಪುಸ್ತಕದಲ್ಲಿರುವುದಿಲ್ಲ.

ತಂತ್ರಾಂಶ ಮಾಡುವುದೇನು?

ಬಹುಮಾಧ್ಯಮ ತಂತ್ರಾಂಶದಲ್ಲಿ ಓದುಗನು ತಿಳಿಯದ ಪದವನ್ನು ಒತ್ತಿದೊಡನೆ ಅದರ ಉಚ್ಚಾರಣೆ ಕೇಳಿಸುತ್ತದೆ. ಅರ್ಥವೂ ಚಿತ್ರವೂ ಮೂಡುತ್ತವೆ. ಪದ ಹಾಗೂ ಚಿತ್ರ ಎರಡೂ ರೂಪದಲ್ಲಿ ಮನಸ್ಸಿಗೆ ಬಂದ ವಿಷಯ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆಂಬ ವಾದವನ್ನು ಕೆನಡಾದ ಮನೋವಿಜ್ಞಾನಿ ಅಲನ್ ಪೈವಿಯೊ 1971ರಲ್ಲೇ ಮಂಡಿಸಿದ್ದರು. ಅಮೆರಿಕದಲ್ಲಿ ಜರ್ಮನ್ ಕಲಿಯುತ್ತಿದ್ದ ವಿದ್ಯಾರ್ಥಿಗಳ ಮೇಲೆ ಡೊರೊಥಿ ಚುನ್ ಹಾಗೂ ಯಾನ್ ಪ್ಲಾಸ್ ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರಿಯ ಅರ್ಥ ನೀಡಿದ ಪದಗಳಿಗಿಂತ ಚಿತ್ರಸಹಿತ ಅರ್ಥ ನೀಡಿದ ಪದಗಳು ಹೆಚ್ಚು ನೆನಪಿನಲ್ಲಿ ಉಳಿದವು.

ಆದರೆ ಒಂದು ಎಚ್ಚರಿಕೆ ಅಗತ್ಯ. ಧ್ವನಿ ತಾನಾಗಿಯೇ ಕೇಳಿಸುತ್ತಿದ್ದರೆ ಕಲಿಯುವವನು ಕೇಳುತ್ತಾನೆಯೇ ಹೊರತು ಓದುವುದಿಲ್ಲ. ಚಿತ್ರ ನೋಡಿ ಅರ್ಥವನ್ನು ಊಹಿಸಿ ಮುಂದೆ ಸಾಗುತ್ತಾನೆ. ಪರದೆ ಕಣ್ಮರೆಯಾದಾಗ ಓದೂ ಕಣ್ಮರೆಯಾಗುತ್ತದೆ.

ಅನುಭವದ ಪಾಠ

ನಮ್ಮ ರಾಜ್ಯಕ್ಕೆ ಈ ಪ್ರಯೋಗ ಹೊಸದಲ್ಲ. 2000ದ ದಶಕದಲ್ಲಿ 'ಮಾಹಿತಿ ಸಿಂಧು' ಯೋಜನೆಯ ಮೂಲಕ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರುಗಳು ಬಂದವು. ಅದೇ ದಶಕದಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಶಾಲಾ ಮಕ್ಕಳಿಗಾಗಿ ಬಹುಮಾಧ್ಯಮ ಸಿ.ಡಿ.ಗಳನ್ನು ಸಿದ್ಧಪಡಿಸಿತು. ಆದರೆ ಕಂಪ್ಯೂಟರಿನ ಮೋಹವು ಶಿಕ್ಷಣದ ನಿಜವಾದ ಸಮಸ್ಯೆಗಳಿಂದ ಗಮನವನ್ನು ಬೇರೆಡೆಗೆ ಸೆಳೆಯುತ್ತದೆಂದು ಅದೇ ಪ್ರತಿಷ್ಠಾನದ ಅನುರಾಗ್ ಬೆಹರ್ 2010ರಲ್ಲಿ ಬಹಿರಂಗವಾಗಿ ಬರೆದರು. ಯಂತ್ರ ಖರೀದಿಸಿದ ಮಾತ್ರಕ್ಕೆ ಉತ್ಪಾದನೆ ಹೆಚ್ಚದೆಂಬುದನ್ನು ಬಲ್ಲ ಉದ್ಯಮಿಗಳಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಸದಸ್ಯರು ಮಾಡಬಹುದಾದುದು

1. ತಮ್ಮ ಘಟಕದಲ್ಲಿ ನಿತ್ಯ ಬಳಕೆಯ 25 ಇಂಗ್ಲಿಷ್ ಪದಗಳನ್ನು ಪಟ್ಟಿ ಮಾಡುವುದು. ಕಾರ್ಖಾನೆಗೆ 'ಗೇಜ್', 'ನಾಬ್', 'ಇನ್‌ಫ್ಲೇಮಬಲ್'. ಶ್ರೀನಿವಾಸಪುರದ ಮಾವಿನ ಮಂಡಿಗೆ, ಕೋಲಾರದ ಟೊಮೆಟೊ ಮಂಡಿಗೆ 'ಗ್ರೇಡ್', 'ನೆಟ್ ವೇಟ್', 'ಇನ್‌ವಾಯ್ಸ್'.

2. ಕಚೇರಿಯ ಕಂಪ್ಯೂಟರಿನಲ್ಲಿ ಪ್ರತಿ ಪದಕ್ಕೂ ಒಂದು ಪುಟದಂತೆ ತಮ್ಮದೇ ಯಂತ್ರ ಅಥವಾ ಸರಕಿನ ಛಾಯಾಚಿತ್ರ, ಧ್ವನಿಮುದ್ರಿತ ಉಚ್ಚಾರಣೆ, ಕನ್ನಡದ ಅರ್ಥಗಳನ್ನು ಅಳವಡಿಸುವುದು. ಪ್ರದರ್ಶಿಕೆ ಸಿದ್ಧಪಡಿಸುವ ಸಾಮಾನ್ಯ ತಂತ್ರಾಂಶವೇ ಇದಕ್ಕೆ ಸಾಕು.

3. ಮೊದಲು ಪದವನ್ನು ತಾನೇ ಓದಿ, ಅನಂತರ ಧ್ವನಿಯನ್ನು ಒತ್ತಿ ಕೇಳುವಂತೆ ಕಲಿಯುವವನಿಗೆ ತಿಳಿಸುವುದು. ಪಕ್ಕದಲ್ಲಿ ಮೇಲ್ವಿಚಾರಕರೊಬ್ಬರು ದಿನಕ್ಕೆ 15 ನಿಮಿಷ ಕುಳಿತಿರಬೇಕು.

4. ವಾರದ ಕೊನೆಯಲ್ಲಿ ಪರದೆಯ ನೆರವಿಲ್ಲದೆ, ನಿಜವಾದ ಡಬ್ಬಿಯ ಮೇಲಿನ, ಬಿಲ್ಲಿನ ಮೇಲಿನ ಬರಹವನ್ನೇ ಓದಿಸಿ ನೋಡುವುದು.

ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಬೇಕಾದುದು ಸಮಯ ಮತ್ತು ಆಸಕ್ತಿ. ಚೀಟಿ ಓದಬಲ್ಲವರಿಲ್ಲವೆಂದು ಹೊರಗಿನವರನ್ನು ಕರೆತರುವ ಮುನ್ನ, ನಮ್ಮ ಊರಿನ ಹುಡುಗ ಹುಡುಗಿಯರಿಗೆ ಆ ಚೀಟಿ ಓದುವುದನ್ನು ಕಲಿಸಲು ಯತ್ನಿಸಿದ್ದೇವೆಯೇ ಎಂದು ಪ್ರತಿಯೊಬ್ಬ ಮಾಲೀಕರೂ ಯೋಚಿಸುವುದು ಒಳಿತು.